ಕೆಸರಿನಲ್ಲಿ ಕೂತ ನಾಲ್ಕನೇ ನಂಬರು

ಪುಯಿಲ್ಕೊ, ಚಿಲೋಯೆ ದ್ವೀಪ
6 ಮೇ 1926

ರೊಸೆಂದೊ,

ನಿನ್ನ ಫೆಬ್ರವರಿಯ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ನಿನ್ನಣ್ಣನ ಸುದ್ದಿಯೇ ಮೊದಲು ಕೈಗೆ ಬರುತ್ತಿತ್ತು. ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆದು ಏನು ಪ್ರಯೋಜನ ಎಂದು ಎತ್ತಿಡುತ್ತಿದ್ದೆ. ಇವತ್ತು ಬರೆಯಲೇಬೇಕಾದ ಸುದ್ದಿಯೊಂದಿದೆ.

ನಮ್ಮ ರೈಲಿನ ಇಂಜಿನ್, ನಾಲ್ಕನೇ ನಂಬರು, ಹಳಿ ಬಿಟ್ಟು ಕೆಸರಿಗೆ ಹೋಗಿದೆ. ಯಾರಿಗೂ ಏನೂ ಆಗಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಿನ್ನಣ್ಣ ತೀರಿಹೋದ ಮೇಲೆ ಅವರ ಜಾಗಕ್ಕೆ ಬಂದ ಎವರಿಸ್ತೊ ಒಳ್ಳೆಯ ಡ್ರೈವರ್. ನೆಲ ಕುಸಿಯುವುದು ಕಾಲಿಗೆ ತಿಳಿದ ಕೂಡಲೇ ಉಗಿ ನಿಲ್ಲಿಸಿ, ಬೆಂಕಿ ಹಾಕುವವನನ್ನು ತಳ್ಳಿ, ತಾನೂ ಹಾರಿಕೊಂಡ. ವಾರಪೂರ್ತಿ ಸುರಿದ ಮಳೆಗೆ ಹೊಳೆಯ ಈಚೆಯ ಏರಿಯ ಮಣ್ಣು ಸಡಿಲವಾಗಿತ್ತು. ಇಂಜಿನ್ ಜಾರಿಕೊಂಡು ಕೆಳಗಿನ ಜವುಗಿಗೆ ಹೋಗಿ ಕೂತಿತು. ಬಿತ್ತು ಅನ್ನಲಾರೆ, ಕೂತಿತು. ಗಾಡಿಗಳು ಹಳಿಯ ಮೇಲೆಯೇ ಉಳಿದವು.

ನಾನು ಒಂದು ಸಲ ಹೋಗಿ ನೋಡಿಬಂದೆ. ಹಿಂಭಾಗ ಕೆಸರಿನಲ್ಲಿ ಹೂತಿದೆ, ಮೂತಿ ಮೇಲಕ್ಕಿದೆ. ಹೊಗೆಕೊಳವೆ ನೆಟ್ಟಗಿದೆ.

ಸ್ಟೇಷನ್ ಮಾಸ್ತರರು ಸಮುದ್ರದಾಚೆ ಖಂಡದಲ್ಲಿರುವ ರೈಲ್ವೆ ಇಲಾಖೆಗೆ ತಂತಿ ಕೊಟ್ಟಿದ್ದಾರೆ. ಎತ್ತುವ ಯಂತ್ರ ತರೋಣವೆಂದರೆ ಅದರ ಭಾರ ತಡೆಯುವ ಹಳಿ ನಮ್ಮ ದ್ವೀಪದಲ್ಲಿ ಇಲ್ಲವಂತೆ. ನಮ್ಮದು ಎರಡಡಿ ಅಗಲದ ಹಳಿ. ಏನು ಮಾಡುತ್ತಾರೋ ಕಾಯಬೇಕು.

ಚಳಿ ಹೇಗಿದೆ ಅಲ್ಲಿ? ಕಾಲುಚೀಲ ಹೆಣೆದಿಟ್ಟಿದ್ದೇನೆ, ಆ ಕಡೆಗೆ ಹೋಗುವವರು ಸಿಕ್ಕರೆ ಕಳಿಸುತ್ತೇನೆ.

ನಿನ್ನ ಅತ್ತಿಗೆ
ಹೆರ್ಮಿಂದಾ


ಮಗಯಾನೆಸ್
11 ಜೂನ್ 1926

ಅತ್ತಿಗೆಗೆ ರೊಸೆಂದೊ ಮಾಡುವ ನಮಸ್ಕಾರ.

ಕಾಗದ ಮುಟ್ಟಿತು. ಎವರಿಸ್ತೊಗೆ ಏನೂ ಆಗಲಿಲ್ಲ ಎಂದು ಓದಿ ಸಮಾಧಾನವಾಯಿತು.

ಉಳಿದದ್ದರ ಬಗ್ಗೆ ನನಗೆ ಹೇಳಲು ಹೆಚ್ಚಿಲ್ಲ. ಅದು ಕಬ್ಬಿಣ. ಕೆಸರಿಗೆ ಹೋದರೆ ಹೋಗಲಿ. ಆ ಇಂಜಿನ್ನಿನ ಹೊಗೆಯೇ ಅಣ್ಣನ ಎದೆ ತಿಂದದ್ದು. ಅದರ ಒಲೆಗೆ ಸೌದೆ ಎಸೆದವನು ನಾನು, ಪಕ್ಕದಲ್ಲಿ ಕೆಮ್ಮುತ್ತ ನಿಂತಿದ್ದವನು ಅವನು. ನೀವು ಅದರ ಹೊಗೆಕೊಳವೆ ನೆಟ್ಟಗಿದೆ ಎಂದು ಬರೆದಿದ್ದೀರಿ. ನನಗೆ ಅದನ್ನು ಓದಲು ಆಗಲಿಲ್ಲ.

ಅಣ್ಣನ ಗೋರಿ ಬೆಟ್ಟದ ಮೇಲೆ, ಇಗರ್ಜಿಯ ಹಿಂದೆ ಇದೆ. ಜವುಗಿನಲ್ಲಿ ಇನ್ನೊಂದು ಬೇಡ.

ದಕ್ಷಿಣದ ಈ ತುದಿಯಲ್ಲಿ ಚಳಿಗಾಲ ಶುರುವಾಗಿ ಹಿಮ ಬಿದ್ದಿದೆ. ಕುರಿಗಳ ಉಣ್ಣೆ ಕತ್ತರಿಸುವ ಕೆಲಸ ಡಿಸೆಂಬರಿನವರೆಗೆ ಇಲ್ಲ. ಅಲ್ಲಿಯ ತನಕ ಬೇಲಿಗೆ ಗೂಟ ಕಡಿಯುತ್ತೇವೆ. ನಾವು ಕೂಲಿಯವರು ಮಲಗುವ ಕೊಟ್ಟಿಗೆಯಲ್ಲಿ ಎಲ್ಲರೂ ಚಿಲೋಯೆಯವರೇ, ಹಾಗಾಗಿ ಮಾತಿಗೆ ಬರವಿಲ್ಲ. ವಸಂತಕ್ಕೆ ಬರುತ್ತೇನೆ ಎಂದು ಹಿಂದೆ ಬರೆದಿದ್ದೆ. ಈಗ ಹೇಳಲಾರೆ.

ರೊಸೆಂದೊ


ಪುಯಿಲ್ಕೊ
4 ಜುಲೈ 1926

ರೊಸೆಂದೊ,

ನಿನ್ನ ಕಾಗದ ಓದಿ ಮಡಚಿಟ್ಟೆ. ಅಡಿಗೆ ಮಾಡಿದೆ. ಮತ್ತೆ ತೆಗೆದು ಓದಿದೆ. ಕೋಪ ಬರಲಿಲ್ಲ. ನೀನು ಕಬ್ಬಿಣ ಅಂದದ್ದು ಮಾತ್ರ ಮನಸ್ಸಿಗೆ ಒಗ್ಗಲಿಲ್ಲ.

ಅದು ಬಂದಾಗ ನೀನಿನ್ನೂ ಚಿಕ್ಕವನು. ಜರ್ಮನಿಯ ಹಡಗಿನಿಂದ ಮರದ ಪೆಟ್ಟಿಗೆಗಳಲ್ಲಿ ಇಳಿಯಿತು. ಆಂಕುದ್ ಬಂದರಿನಲ್ಲಿ ನಿನ್ನಣ್ಣ ಆಗ ಹೊರೆ ಹೊರುತ್ತಿದ್ದರು. ಜೊತೆಗೆ ಬಂದಿದ್ದ ಜರ್ಮನ್ ಮೇಸ್ತ್ರಿಗೆ ನಮ್ಮ ಭಾಷೆ ಬರುತ್ತಿರಲಿಲ್ಲ, ಇವರಿಗೆ ಅವನದು ಬರುತ್ತಿರಲಿಲ್ಲ. ಅವನು ಒಂದು ತುಂಡಿನ ಮೇಲೆ ಕೈಯಿಟ್ಟರೆ ಇವರು ಅದಕ್ಕೆ ಜೊತೆಯಾಗುವ ತುಂಡನ್ನು ಹುಡುಕಿ ತರುತ್ತಿದ್ದರು. ಮಳೆಯಲ್ಲೇ ಜೋಡಿಸಿದರು. ಜೋಡಿಸಿ ಮುಗಿಸಿದಾಗ ಒಂದು ತಿರುಪೂ ಹೆಚ್ಚಾಗಿ ಉಳಿಯಲಿಲ್ಲವಂತೆ, ಒಂದೂ ಸಾಲದೆ ಹೋಗಲಿಲ್ಲವಂತೆ. ಸಮುದ್ರದ ಆಚೆ ಯಾರೋ ನಮ್ಮ ಮುಖವನ್ನೇ ನೋಡದವರು ಇಷ್ಟು ಪ್ರಾಮಾಣಿಕವಾಗಿ ಕೆಲಸ ಮಾಡಿ ಕಳಿಸಿದ್ದಾರಲ್ಲ ಎಂದು ನಿನ್ನಣ್ಣ ಮದುವೆಯಾದ ವರ್ಷವಿಡೀ ನನಗೆ ಹೇಳುತ್ತಿದ್ದರು. ಬೇರೆ ಗಂಡಂದಿರು ಹೆಂಡತಿಯ ಕಣ್ಣನ್ನು ಹೊಗಳುತ್ತಾರೆ.

ಬೇರೆ ಸೀಮೆಯ ದೊಡ್ಡ ಇಂಜಿನ್ನುಗಳನ್ನು ಚಿತ್ರದಲ್ಲಿ ನೋಡಿದ್ದೇನೆ. ನಮ್ಮ ಕಾಡಿನಲ್ಲಿ ಅವು ಒಂದು ತಿರುವು ದಾಟಲಾರವು. ನಾಲ್ಕನೇ ನಂಬರು ಆಡಿನಂತೆ ಹೋಗುತ್ತಿತ್ತು. ಒದ್ದೆ ಎಲೆ ಬಿದ್ದ ಏರಿನಲ್ಲಿ ಚಕ್ರ ಜಾರಿದರೆ ಒಂದಿಷ್ಟು ಒಣಮರಳು ಸಾಕು, ಮತ್ತೆ ಹಳಿ ಹಿಡಿಯುತ್ತಿತ್ತು. ಈ ದ್ವೀಪದಲ್ಲಿ ಒಣಮರಳು ಎಲ್ಲಿಂದ ಬರಬೇಕು? ನನ್ನ ಒಲೆಯ ಮೇಲಿಂದ. ರೊಟ್ಟಿ ಇಳಿಸಿದ ಮೇಲೆ ಬಾಣಲೆಯಲ್ಲಿ ಮರಳು ಹುರಿಯುತ್ತಿದ್ದೆ. ಈಗಲೂ ಕೈ ತಾನಾಗಿ ಬಾಣಲೆಗೆ ಹೋಗುತ್ತದೆ.

ಹೊಗೆಯ ವಿಷಯ. ಹೌದು, ಕುಡಿದರು. ಆದರೆ ಅವರ ಅಪ್ಪ ಸಮುದ್ರದಲ್ಲಿ ಮುಳುಗಿ ಹೋದರು, ನಿನಗೂ ಅಪ್ಪನೇ. ಸಮುದ್ರವನ್ನು ನೀನು ಯಾವತ್ತಾದರೂ ಬೈದಿದ್ದೀಯಾ?

ಈಗ ಮುಖ್ಯ ಸಂಗತಿ. ಖಂಡದಿಂದ ಇನ್ಸ್‌ಪೆಕ್ಟರ್ ಬಂದಿದ್ದ. ಮರ್ಯಾದಸ್ಥ, ನಮ್ಮನೆಯಲ್ಲೇ ಊಟ ಮಾಡಿದ. ಎತ್ತಲು ದಾರಿಯಿಲ್ಲ, ಬರುವ ನವೆಂಬರಿನಲ್ಲಿ ನೆಲ ಒಣಗಿದ ಮೇಲೆ ಕತ್ತರಿಸುವವರು ಬಂದು ತುಂಡು ಮಾಡಿ ಒಯ್ಯುತ್ತಾರೆ ಎಂದ. ನಮ್ಮಲ್ಲಿ ನೆಲ ಒಣಗುತ್ತದೆ ಎಂದು ಅವನಿಗೆ ಯಾರು ಹೇಳಿದರೋ. ದಾರಿಯಿಲ್ಲ ಅಂದಾಗ ಎವರಿಸ್ತೊ ಹೇಳಿದ, ನಾವು ಮರದ ಮನೆಗಳನ್ನೇ ಇಡಿಯಾಗಿ ಎತ್ತು ಹೂಡಿ ಬೇರೆ ಜಾಗಕ್ಕೆ ಎಳೆಯುತ್ತೇವಲ್ಲ ಸ್ವಾಮಿ ಎಂದು. ಇನ್ಸ್‌ಪೆಕ್ಟರ್ ನಗಲಿಲ್ಲ. ಎಳೆದರೆ ಎಳೆಯಿರಿ, ಬೇಡವೆನ್ನುವವನು ನಾನಲ್ಲ, ಆದರೆ ಇಲಾಖೆಯಿಂದ ಒಂದು ಹಗ್ಗವೂ ಬರುವುದಿಲ್ಲ ಎಂದ.

ಎಲ್ಲರಿಗೂ ಮನಸ್ಸಿದೆ. ಆದರೆ ಮಿಂಗಾ ಅಂದರೆ ಬರೀ ಊರು ಸೇರಿ ಎಳೆಯುವುದಲ್ಲ, ನಿನಗೆ ಗೊತ್ತಲ್ಲ. ಯಾರ ಮನೆ ಎಳೆಯಬೇಕೋ ಅವರೇ ಬಾಗಿಲು ಬಾಗಿಲಿಗೆ ಹೋಗಿ ಒಂದು ದಿನದ ದುಡಿಮೆ ಬೇಡಬೇಕು. ಬೇಡದೆ ಯಾರೂ ಎತ್ತು ಹೂಡುವುದಿಲ್ಲ, ಹೂಡಿದರೆ ಅವಮಾನ ಮಾಡಿದಂತೆ. ಇದು ಯಾರ ಮನೆ? ಸರ್ಕಾರ ಬಾಗಿಲಿಗೆ ಬಂದು ಬೇಡುತ್ತದೆಯೇ? ಊರಿನವರು ಅನ್ನುತ್ತಾರೆ, ಡ್ರೈವರ್ ಬೆಲಿಸಾರಿಯೊ ಇದ್ದಿದ್ದರೆ ಅವನು ಕೇಳುತ್ತಿದ್ದ, ಈಗ ಆ ಮನೆಯ ಗಂಡಸು ರೊಸೆಂದೊ ಎಂದು. ನೀನು ಬಂದು ಕೇಳು. ಕೇಳಿ ಮತ್ತೆ ಹೊರಟುಹೋಗು ಬೇಕಾದರೆ. ಗೋರಿ ಮಾಡಲು ನನಗೆ ಅದು ಬೇಡ ಕಣೋ, ಓಡಲು ಬೇಕು.

ಹೆರ್ಮಿಂದಾ


ಪುಯಿಲ್ಕೊ
22 ಆಗಸ್ಟ್ 1926

ರೊಸೆಂದೊ,

ದಕ್ಷಿಣದ ಹಡಗು ಎರಡು ಸಲ ಬಂದುಹೋಯಿತು. ನೀನೂ ಇಲ್ಲ, ಕಾಗದವೂ ಇಲ್ಲ. ಕಾಲುಚೀಲ ಮುಟ್ಟಿತೋ ಇಲ್ಲವೋ ಅದೂ ತಿಳಿಯದು.

ನಿನ್ನ ಮೌನ ನನಗೆ ಅರ್ಥವಾಗಿದೆ. ಬೇಡ ಎಂದು ನೀನು ಜೂನಿನಲ್ಲೇ ಹೇಳಿದ್ದೆ, ನಾನು ಮತ್ತೆ ಕೇಳಬಾರದಿತ್ತು. ಊರು ಬಿಟ್ಟವರಿಗೆ ಊರಿನ ಕೆಸರು ತಟ್ಟುವುದಿಲ್ಲ, ತಟ್ಟಬೇಕಾಗಿಯೂ ಇಲ್ಲ.

ಹೋದ ವಾರದ ಮಳೆಗೆ ಅದು ಇನ್ನೊಂದು ಗೇಣು ಇಳಿದಿದೆ. ಹಿಂದಿನ ಚಕ್ರ ಈಗ ಕಾಣುವುದಿಲ್ಲ. ಹೆಂಗಸು ಹೋಗಿ ಮಿಂಗಾ ಕೇಳಿದ್ದು ಇಲ್ಲಿ ಯಾರಿಗೂ ನೆನಪಿಲ್ಲ. ನಾನೇ ಹೋಗುತ್ತೇನೆ. ಇಲ್ಲ ಅಂದರೆ ಇಲ್ಲ.

ನೀನು ಆರೋಗ್ಯವಾಗಿದ್ದರೆ ಸಾಕು.

ಹೆರ್ಮಿಂದಾ


ಪುಯಿಲ್ಕೊ
3 ಅಕ್ಟೋಬರ್ 1926

ರೊಸೆಂದೊ,

ನಿನ್ನನ್ನು ಬೈಯಬೇಕೋ ಏನು ಮಾಡಬೇಕೋ ತಿಳಿಯದೆ ಈ ಕಾಗದ ಶುರು ಮಾಡುತ್ತಿದ್ದೇನೆ.

ಕಪ್ಪು ಶಾಲು ಹೊದ್ದು ಮೊದಲು ಹೋದದ್ದು ಹೊಳೆಯಾಚೆಯ ದೋನ್ಯಾ ಸುನಿಲ್ದಾಳ ಮನೆಗೆ. ಅವಳ ಎತ್ತು ಒಪ್ಪಿದರೆ ಉಳಿದವರು ಒಪ್ಪುತ್ತಾರೆ ಎಂಬ ಲೆಕ್ಕ ನನ್ನದು. ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ. ಬಾಗಿಲಲ್ಲಿ ನಿಂತು, ನನ್ನ ಮನೆ ಕೆಸರಿಗೆ ಬಿದ್ದಿದೆ ಎನ್ನುವಷ್ಟರಲ್ಲಿ ಅವಳು ಸೊಂಟದ ಮೇಲೆ ಕೈಯಿಟ್ಟಳು.

"ಈಗ್ ಬಂದ್ಯಾ? ನಿನ್ ದಾರಿ ಕಾದು ಕಾದು ನಮ್ ಎತ್ತು ಕೊಬ್ಬಿ ಕೂತಿದಾವೆ ಕಣೆ. ಮಗ ಬರ್ದು ಎಷ್ಟ್ ದಿನ ಆಯ್ತು!"

ಯಾವ ಮಗ, ಏನು ಬರೆದ ಎಂದೆ. ಮಗಯಾನೆಸ್‌ನಲ್ಲಿರುವ ಮಗನ ಕಾಗದ ಬಂದಿದೆಯಂತೆ. ಊರಿನ ಶಾಲೆಯ ಟೀಚರ್ ಓದಿ ಹೇಳಿದರಂತೆ. ಅದು ಅವಳ ದೊಡ್ಡ ದೂರು.

"ಅಮ್ಮನ ಮಂಡಿನೋವು ಹೆಂಗಿದೆ ಅಂತ ಒಂದ್ ಮಾತಿಲ್ಲ. ಎತ್ತಿನ ಕಾಲು ಹೆಂಗಿದೆ ಅಂತ ಕೇಳಿದಾನೆ ನೋಡು. ಹೆತ್ತದ್ದು ನಾನೋ ಎತ್ತೋ?"

ಮುಂದಿನ ಮನೆಯಲ್ಲೂ ಅದೇ. ಅದರ ಮುಂದಿನದರಲ್ಲೂ ಅದೇ. ಎಲ್ಲ ಮಕ್ಕಳೂ ಎತ್ತಿನ ಯೋಗಕ್ಷೇಮ ವಿಚಾರಿಸಿ, ಅತ್ತಿಗೆ ಹೆರ್ಮಿಂದಾ ಬಂದು ಬೇಡಿದರೆ ನೊಗ ಹೂಡಿ, ನಮ್ಮ ಪಾಲಿನ ದಿನದ ದುಡಿಮೆಯನ್ನೂ ಅದಕ್ಕೆ ಸೇರಿಸಿ ಎಂದು ಬರೆದಿದ್ದರು. ಸುನಿಲ್ದಾಳ ಮಗನಿಗೆ ನಾನು ಯಾವಾಗ ಅತ್ತಿಗೆಯಾದೆ? ಸಂಜೆ ಟೀಚರ್ ಸಿಕ್ಕಿ ನಕ್ಕರು. ಊರಿನ ಮಕ್ಕಳೆಲ್ಲ ಮಗಯಾನೆಸ್‌ಗೆ ಹೋಗಿ ಒಂದೇ ಕೈಬರಹ ಕಲಿತಿದ್ದಾರಲ್ಲ ಎಂದರು. ಆಗ ನನಗೆ ಅರ್ಥವಾಯಿತು. ಬೇಲಿ ಪಕ್ಕದಲ್ಲಿ ನಿಂತು ಸ್ವಲ್ಪ ಹೊತ್ತು ಅತ್ತೆ. ನಿನ್ನಣ್ಣ ಹೋದ ಮೇಲೆ ಹೀಗೆ ಅತ್ತಿರಲಿಲ್ಲ. ಆಗಸ್ಟಿನಲ್ಲಿ ನಾನು ಬರೆದದ್ದನ್ನು ನೀನು ಓದಿಯೇ ಇರುತ್ತೀ. ಅದನ್ನು ಒಲೆಗೆ ಹಾಕು.

ಎಳೆದದ್ದು ಹೋದ ಶನಿವಾರ. ಮಳೆ ಸಣ್ಣಗಿತ್ತು. ಊರಿನ ಮನೆ ಎಳೆಯುವ ಕೆಲಸಕ್ಕೆಲ್ಲ ಮುಂದಾಳಾಗುವ ದೋನ್ ನೊಲ್ಬೆರ್ತೊನೇ ಇದಕ್ಕೂ ಮುಂದಾಳು. ಅವನು ಇಂಜಿನ್ನನ್ನು ಸುತ್ತುಹಾಕಿ ನೋಡಿ, ತಲೆ ಕೆರೆದುಕೊಂಡ.

"ಕಿಟಕಿ ಬಾಗ್ಲು ಬಿಚ್ಚೋ ಕೆಲ್ಸ ಇಲ್ಲ, ಒಳ್ಳೇದಾಯ್ತು. ಆದ್ರೆ ಹೆರ್ಮಿಂದಾ, ಒಲೆ ತೆಗ್ದೇ ಮನೆ ಎಳಿಯೋದು ನಮ್ ಪದ್ಧತಿ. ನಿನ್ ಮನೇಲಿ ಒಲೆ ಬಿಟ್ರೆ ಬೇರೇನೂ ಇಲ್ವಲ್ಲೇ."

ಮೊದಲ ಸಲ ಎಳೆದಾಗ ಆದದ್ದನ್ನು ಬೇರೆ ಊರಿನವರಿಗೆ ಯಾರೂ ಹೇಳಬಾರದು ಎಂದು ಮಾತಾಗಿದೆ, ಆದರೆ ನಿನಗೆ ಹೇಳುತ್ತೇನೆ. ಮನೆಗೆ ಮಾಡುವಂತೆಯೇ ಕೆಳಗೆ ಉರುಳುಮರ ತೂರಿಸಿ, ಸರಪಳಿ ಕಟ್ಟಿ, ನೊಗಗಳನ್ನು ಸಾಲಾಗಿ ಹೂಡಿದರು. ಎತ್ತುಗಳು ಬಗ್ಗಿದವು. ಇಂಜಿನ್ ಮೇಲೆ ಬಂತು, ಒಂದಾಳುದ್ದ ಬಂತು, ಜನ ಕೂಗಿಕೊಂಡರು. ಎತ್ತುಗಳು ಉಸಿರಾಡಲು ನಿಂತವು. ಅಷ್ಟೇ, ಅದು ನಿಧಾನವಾಗಿ, ಬಹಳ ಮರ್ಯಾದೆಯಿಂದ, ಹಿಂದಕ್ಕೆ ಉರುಳಿ ತನ್ನ ಜಾಗಕ್ಕೆ ಹೋಗಿ ಕೂತಿತು. ಕೆಳಗೆ ಮರ ಉರುಳಿತು, ಮರದ ಮೇಲೆ ಚಕ್ರ ಉರುಳಿತು. ಯಾರಿಗೂ ಹೊಳೆದಿರಲಿಲ್ಲ. ನಾವು ಎಳೆದ ಯಾವ ಮನೆಗೂ ಚಕ್ರ ಇರಲಿಲ್ಲವಲ್ಲ!

ಎವರಿಸ್ತೊ ಕೆಸರಿನಲ್ಲೇ ಕೂತು ನಕ್ಕ. ನೊಲ್ಬೆರ್ತೊಗೆ ಸಿಟ್ಟು ಬಂತು. ರೈಲಿನವನು ನೀನು, ಇದಕ್ಕೆ ಚಕ್ರ ಇದೆ ಅಂತ ನಮಗೆ ಹೇಳೋಕೆ ಏನಾಗಿತ್ತು ಎಂದು ಕೇಳಿದ. ನೀವೇ ನೋಡ್ತೀರಿ ಅಂದ್ಕೊಂಡೆ ಎಂದ ಎವರಿಸ್ತೊ.

ಆಮೇಲೆ ಚಕ್ರಗಳನ್ನೆಲ್ಲ ಸರಪಳಿಯಿಂದ ಬಿಗಿದರು. ದಪ್ಪನೆಯ ಎರಡು ದಿಮ್ಮಿಗಳನ್ನು ಜಾರುಬಂಡಿಯಂತೆ ಹೊಟ್ಟೆಯ ಕೆಳಗೆ ಕಟ್ಟಿದರು. ಅಂದರೆ ಅದನ್ನು ಇಂಜಿನ್ ಅಲ್ಲದಂತೆ ಮಾಡಿ, ಮನೆಯನ್ನಾಗಿ ಮಾಡಿದರು. ಆಗ ಬಂತು. ಮಧ್ಯಾಹ್ನವೆಲ್ಲ ಬಂತು. ಕೆಸರು ಬಿಡುವಾಗ ಅದು ಮಾಡಿದ ಸದ್ದಿಗೆ ಎತ್ತುಗಳೇ ಬೆಚ್ಚಿದವು. ಏರಿಯ ಮೇಲೆ ಬಂದಾಗ ಗಂಡಸರೆಲ್ಲ ಟೋಪಿ ತೆಗೆದರು. ಯಾಕೆ ತೆಗೆದರೋ, ಯಾರೂ ಹೇಳಿರಲಿಲ್ಲ. ಮೈತುಂಬ ಕೆಸರು, ಆದರೂ ಎಷ್ಟು ಚಿಕ್ಕದು, ಎಷ್ಟು ಚಂದ ಎಂದು ಟೀಚರ್ ನನ್ನ ಕಿವಿಯಲ್ಲಿ ಹೇಳಿದರು.

ಇನ್ಸ್‌ಪೆಕ್ಟರ್ ಬಂದಿದ್ದ. ಹಗ್ಗವೂ ಬರುವುದಿಲ್ಲ ಎಂದಿದ್ದವನು ಜಾಕಿಗಳನ್ನು ತಂದಿದ್ದ. ಕೋಟು ಬಿಚ್ಚಿ ತಾನೇ ಮಂಡಿಯೂರಿ ಚಕ್ರವನ್ನು ಹಳಿಗೆ ಕೂರಿಸಿದ. ಕೀಲು, ದಂಡಗಳನ್ನೆಲ್ಲ ಮುಟ್ಟಿ ನೋಡಿ, ಐದು ತಿಂಗಳು ಕೆಸರಿನಲ್ಲಿದ್ದರೂ ತುಕ್ಕು ಯಾಕಿಲ್ಲ ಎಂದು ಆಶ್ಚರ್ಯಪಟ್ಟ. ಎವರಿಸ್ತೊ ಬಾಯಿ ಬಿಟ್ಟ.

"ಈಯಮ್ಮ ದಿನಾ ಬಂದು ಹಂದಿಕೊಬ್ಬು ಸವರ್ತಿದ್ರು ಸ್ವಾಮಿ. ಊರಲ್ಲಿ ಕರಿಯೋಕೆ ಕೊಬ್ಬೇ ಸಿಕ್ತಿರ್ಲಿಲ್ಲ."

ಒಂದು ಸಲ ಹೋಗಿ ನೋಡಿಬಂದೆ ಎಂದು ನಿನಗೆ ಬರೆದಿದ್ದೆ. ಹಾಗೆ ಬರೆಯದಿದ್ದರೆ ನೀನು ನನ್ನನ್ನು ಹುಚ್ಚಿ ಅಂದುಕೊಳ್ಳುತ್ತಿದ್ದೆ.

ಹೊಂಡದಲ್ಲಿ ಕಲ್ಲು ಕಾಯಿಸಿ ಚಿಪ್ಪುಮೀನು, ಹಂದಿಮಾಂಸ, ಆಲೂಗಡ್ಡೆ ಬೇಯಿಸಿದ್ದೆವು. ಸೇಬಿನ ಮದ್ಯ ಸಾಕಾಗಲಿಲ್ಲ, ಯಾವತ್ತು ಸಾಕಾಗಿದೆ? ಇಂಜಿನ್ ಆಂಕುದಿನ ಕಾರ್ಖಾನೆಗೆ ಹೋಗಿದೆ. ಬಾಯ್ಲರ್ ತೆರೆದು ನೋಡಿದ ಮೇಲೆ ಗೊತ್ತಾಗುತ್ತದೆ, ಓಡುತ್ತದೋ ಇಲ್ಲವೋ.

ಇನ್ನೊಂದು ಮಾತು. ಬೇಡಿದವರು ದಿನಕ್ಕೆ ದಿನ ತೀರಿಸಬೇಕು. ಕೆಲವರ ಪಾಲು ನಾನು ತೀರಿಸುತ್ತೇನೆ, ಆಲೂಗಡ್ಡೆ ಕೀಳಲು ಬರುತ್ತೇನೆ ಎಂದೆ. ಒಪ್ಪುತ್ತಿಲ್ಲ. ಮೊದಲು ಬೇಡಿದವನು ರೊಸೆಂದೊ, ಅವನೇ ಬಂದು ತೀರಿಸಲಿ ಅನ್ನುತ್ತಾರೆ. ಸುನಿಲ್ದಾಳ ಮನೆಯ ಸೂರು ಸೋರುತ್ತಿದೆ. ನಿನಗಾಗಿ ಸೋರಲು ಬಿಟ್ಟಿದ್ದಾಳೆ.

ಹೆರ್ಮಿಂದಾ


ಮಗಯಾನೆಸ್
5 ನವೆಂಬರ್ 1926

ಅತ್ತಿಗೆಗೆ ನಮಸ್ಕಾರ.

ನಿಮ್ಮ ಆಗಸ್ಟಿನ ಕಾಗದವೂ ಅಕ್ಟೋಬರಿನದೂ ಒಂದೇ ಹಡಗಿಗೆ ಬಂದವು. ಪುಣ್ಯಕ್ಕೆ ಎರಡನೆಯದನ್ನು ಮೊದಲು ಒಡೆದೆ.

ಜುಲೈ ಕಾಗದ ಬಂದಾಗ ಯಾರಿಗೂ ಹೇಳಬಾರದು ಎಂದುಕೊಂಡಿದ್ದೆ. ಊಟದ ಹೊತ್ತಿಗೆ ಸುನಿಲ್ದಾ ಅಮ್ಮನ ಮಗ ಊರಿನ ಸುದ್ದಿ ಏನು ಎಂದ. ನಾಲ್ಕನೇ ನಂಬರು ಕೆಸರಿನಲ್ಲಿದೆ, ಕತ್ತರಿಸುತ್ತಾರಂತೆ ಎಂದು ಹೇಳಿ ತಟ್ಟೆಯಲ್ಲಿ ಕೈಯಿಟ್ಟೆ. ಯಾರೂ ಉಣ್ಣಲಿಲ್ಲ. ಆಮೇಲೆ ಒಬ್ಬೊಬ್ಬನಾಗಿ ಶುರುವಿಟ್ಟರು. ಒಬ್ಬನ ಹೆಂಡತಿಗೆ ಹೆರಿಗೆ ಕಷ್ಟವಾದಾಗ ಅಣ್ಣ ಗಾಡಿಗಳನ್ನು ಕಳಚಿಟ್ಟು ಬರೀ ಇಂಜಿನ್ನಿನಲ್ಲಿ ಆಂಕುದಿಗೆ ಒಯ್ದಿದ್ದನಂತೆ. ಅವತ್ತು ಬೆಂಕಿ ಹಾಕಿದ್ದು ನಾನೇ, ನನಗೆ ಮರೆತೇಹೋಗಿತ್ತು. ಇನ್ನೊಬ್ಬ, ಊರು ಬಿಡುವಾಗ ಅಳು ಬಂದು ಗಾಡಿಯಿಂದ ಇಳಿದು ಓಡಿದ್ದನಂತೆ, ಅಣ್ಣ ಅವನು ಬರುವವರೆಗೂ ನೀರು ತುಂಬುವ ನೆಪ ಹೂಡಿ ನಿಲ್ಲಿಸಿದ್ದನಂತೆ. ಇಲ್ಲಿಗೆ ಬಂದವರಲ್ಲಿ ಆ ಇಂಜಿನ್ ಹತ್ತದೆ ಬಂದವನು ಒಬ್ಬನೂ ಇಲ್ಲ. ಅಣ್ಣನನ್ನು ಕಳಕೊಂಡವನು ನಾನೊಬ್ಬನೇ ಎಂದು ವರ್ಷವಿಡೀ ಮೂತಿ ಊದಿಸಿಕೊಂಡು ಕೂತಿದ್ದೆ, ಅತ್ತಿಗೆ.

ಹಾಗಾಗಿ ಇಲ್ಲೇ ಬೇಡಿದೆ. ಪದ್ಧತಿ ಪ್ರಕಾರ ಬಾಗಿಲಿಗೆ ಹೋಗಬೇಕಲ್ಲ, ಒಬ್ಬೊಬ್ಬನ ಮಂಚದ ಬಳಿಗೂ ಹೋಗಿ ನಿಂತು ಬೇಡಿದೆ. ಅವರಿಗೆ ಬರೆಯಲು ಬಾರದು, ನಾನು ಬರೆದೆ. ಎಲ್ಲರ ಅಮ್ಮಂದಿರಿಗೂ ಬೇರೆ ಬೇರೆ ಮಾತು ಹೊಂದಿಸಲು ನನ್ನ ಓದು ಸಾಲಲಿಲ್ಲ. ಮಂಡಿನೋವಿನ ವಿಷಯಕ್ಕೆ ಕ್ಷಮೆ ಕೇಳಿದೆ ಎಂದು ಹೇಳಿ.

ನಿಮಗೆ ಬರೆಯಲಿಲ್ಲ. ಜೂನಿನಲ್ಲಿ ಅಷ್ಟೆಲ್ಲ ಬರೆದ ಕೈಯಿಂದ ಏನು ಬರೆಯುವುದು? ಎತ್ತುಗಳು ಬಂದರೆ ಅವೇ ಉತ್ತರ ಎಂದುಕೊಂಡೆ. ನೀವು ಇಷ್ಟು ದಿನ ನೊಂದುಕೊಂಡಿರುತ್ತೀರಿ ಎಂಬುದು ತಲೆಗೆ ಹೋಗಲಿಲ್ಲ.

ಉಣ್ಣೆ ಕತ್ತರಿಸುವ ಕೆಲಸ ಮುಗಿಸಿ ಮಾರ್ಚಿನ ಹಡಗು ಹತ್ತುತ್ತೇನೆ. ಸೂರಿನ ಹಲಗೆ ಸೀಳಿಡಲು ಹೇಳಿ. ಬಾಯ್ಲರ್ ಏನಾಯಿತು? ಅದನ್ನು ಮಾತ್ರ ತಡಮಾಡದೆ ಬರೆಯಿರಿ. ಇಲ್ಲಿ ಎಲ್ಲರೂ ದಿನಾ ನನ್ನನ್ನೇ ಕೇಳುತ್ತಾರೆ.

ರೊಸೆಂದೊ


ಪುಯಿಲ್ಕೊ
12 ಡಿಸೆಂಬರ್ 1926

ರೊಸೆಂದೊ,

ಓಡಿತು. ಅದನ್ನೇ ಮೊದಲು ಬರೆಯುತ್ತಿದ್ದೇನೆ, ಕೊಟ್ಟಿಗೆಯಲ್ಲಿ ಓದಿ ಹೇಳು. ಬಾಯ್ಲರ್‌ಗೆ ಏನೂ ಆಗಿರಲಿಲ್ಲ. ಕೆಸರು ತೊಳೆದು, ಕೆಲವು ಕೊಳವೆ ಬದಲಿಸಿ, ಒತ್ತಡ ಹಾಕಿ ನೋಡಿದರಂತೆ, ಒಂದು ಹನಿ ಸೋರಲಿಲ್ಲವಂತೆ.

ಮಂಗಳವಾರ ನಮ್ಮ ಸ್ಟೇಷನ್ನಿಗೆ ಬಂತು. ಎವರಿಸ್ತೊ ಇಳಿದು ಬಂದು, ಮನೆಯ ಯಜಮಾನಿ ಮನೆಯೊಳಗೆ ಒಂದು ಸಲವೂ ಕಾಲಿಟ್ಟಿಲ್ಲ, ಇದು ಎಲ್ಲಿಯ ನ್ಯಾಯ ಎಂದ. ನಾನು ಒಲ್ಲೆ ಅಂದೆ. ಸುನಿಲ್ದಾ ಹಿಂದಿನಿಂದ ತಳ್ಳಿದಳು. ಮೇಲೆ ಹತ್ತಿ ನಿನ್ನಣ್ಣ ನಿಲ್ಲುತ್ತಿದ್ದ ಕಡೆ ನಿಂತೆ. ಮುಂದಿನ ಸ್ಟೇಷನ್ನಿನವರೆಗೆ ಹೋದೆ.

ಒಂದು ಸಂಗತಿ ಬರೆಯುತ್ತೇನೆ, ಇದನ್ನು ಮಾತ್ರ ಕೊಟ್ಟಿಗೆಯಲ್ಲಿ ಓದಬೇಡ. ನಿನ್ನಣ್ಣ ಕೆಲಸದಿಂದ ಬಂದಾಗ ತಬ್ಬಿಕೊಂಡರೆ ಅವರ ಎದೆ ಬಿಸಿಯಾಗಿರುತ್ತಿತ್ತು, ಬೆನ್ನ ಮೇಲಿಟ್ಟ ನನ್ನ ಕೈ ಒದ್ದೆಯಾಗುತ್ತಿತ್ತು. ಅವರ ಮೈಯೇ ಹಾಗೆ ಎಂದು ನಾನು ತಿಳಿದಿದ್ದೆ. ಬೇರೆ ಗಂಡಸರ ಮೈ ನನಗೇನು ಗೊತ್ತು? ಮಂಗಳವಾರ ಆ ಜಾಗದಲ್ಲಿ ನಿಂತಾಗ ಒಲೆಯ ಬಾಗಿಲು ತೆರೆಯಿತು, ಮುಂದಿನಿಂದ ಬೆಂಕಿಯ ಕಾವು ಬಂತು. ಹಿಂದಿನಿಂದ ಮಳೆ ಹೊಡೆಯುತ್ತಿತ್ತು. ಸ್ವಲ್ಪ ಹೊತ್ತಿಗೆ ನನ್ನ ಎದೆಯೂ ಬಿಸಿ, ಬೆನ್ನೂ ಒದ್ದೆ.

ಇಳಿದು ಗಾಡಿಯಲ್ಲಿ ಕೂತು ವಾಪಸು ಬಂದೆ. ಶಾಲನ್ನು ಒಣಗಿಸಲಿಲ್ಲ, ಹಾಗೇ ಹೊದ್ದುಕೊಂಡು ಕೂತಿದ್ದೆ.

ನಿನ್ನ ಅತ್ತಿಗೆ
ಹೆರ್ಮಿಂದಾ